ನಿತ್ಯಪುಷ್ಪದ ಕಷಾಯದಿಂದ ಬ್ಲಡ್ ಕ್ಯಾನ್ಸರ್ ಗುಣವಾಗುತ್ತದೆಯೇ? ಫಾರ್ವರ್ಡ್‌ನಲ್ಲಿರುವ ನಿಜ ಎಷ್ಟು, ಸುಳ್ಳು ಎಷ್ಟು

ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಿಂದ ಓದುಗರೊಬ್ಬರು ನಮಗೆ ಒಂದು ವಾಟ್ಸ್ಆ್ಯಪ್ ಸಂದೇಶ ಕಳಿಸಿದ್ದಾರೆ. ನಿತ್ಯಪುಷ್ಪದ ಐದು ಎಲೆ, ಬೆರಳುದ್ದ ಅಮೃತಬಳ್ಳಿ, ನಾಲ್ಕು ಕಾಳು ಕರಿಮೆಣಸು, ಒಂದು ಚಿಟಿಕೆ ಅರಿಶಿನ. ಎರಡು ಲೋಟ ನೀರು ಹಾಕಿ ಒಂದು ಲೋಟಕ್ಕೆ ಇಳಿಸಿ, 21 ದಿನ ಬರಿ ಹೊಟ್ಟೆಯಲ್ಲಿ ಕುಡಿದರೆ ಬ್ಲಡ್ ಕ್ಯಾನ್ಸರ್ ಮಾಯ. ಕೆಳಗೆ ಇನ್ನೊಂದು ಸಾಲು: ವಿದೇಶಿ ಕಂಪನಿಗಳು ಇದೇ ಗಿಡದಿಂದ ಇಂಜೆಕ್ಷನ್ ಮಾಡಿ ನಮಗೇ ಮಾರುತ್ತಿವೆ, ಈ ಗುಟ್ಟು ಯಾವ ಡಾಕ್ಟರೂ ಹೇಳುವುದಿಲ್ಲ.

ಓದುಗರ ತಂಗಿಯ ಮಗನಿಗೆ ಏಳು ವರ್ಷ. ತೀವ್ರ ರಕ್ತ ಕ್ಯಾನ್ಸರ್‌ಗೆ ಎಂಟು ತಿಂಗಳಿಂದ ಹುಬ್ಬಳ್ಳಿಯಲ್ಲಿ ಚಿಕಿತ್ಸೆ ನಡೆದಿದೆ. ಅವರ ಪ್ರಶ್ನೆ ಇಷ್ಟೇ: "ಡಾಕ್ಟರ ಔಷಧ ಬಿಡೂದಿಲ್ರಿ. ಅದರ ಜೋಡಿ ಇದನ್ನೂ ಕೊಟ್ರ ನಡೀತದೇನ್ರಿ?"

ನೇರ ಉತ್ತರ ಮೊದಲು: ಬೇಡ. ಆ ಮಗುವಿಗೆ ಈ ಕಷಾಯ ಕೊಡಬೇಡಿ. ಆದರೆ "ಎಲ್ಲ ಸುಳ್ಳು" ಎಂದು ಹೇಳಿ ಮುಗಿಸಲು ನಮಗೆ ಮನಸ್ಸಿಲ್ಲ. ಏಕೆಂದರೆ ಈ ಸಂದೇಶದಲ್ಲಿ ಒಂದು ಮಾತು ಪೂರ್ತಿ ನಿಜ. ಆ ಮಗುವಿಗೆ ಆಸ್ಪತ್ರೆಯಲ್ಲಿ ಕೊಡುವ ಒಂದು ಮುಖ್ಯ ಇಂಜೆಕ್ಷನ್ ಬರುವುದು ಇದೇ ನಿತ್ಯಪುಷ್ಪದಿಂದ.

ಅಂಗಳದ ಗಿಡ, ಆಸ್ಪತ್ರೆಯ ಔಷಧ

ನಿತ್ಯಪುಷ್ಪ, ಕಾಶಿ ಕಣಗಿಲೆ, ಸದಾಪುಷ್ಪ ಎಂದು ಕರೆಯುವ ಈ ಗಿಡವನ್ನು ಪರಿಚಯ ಮಾಡಿಕೊಡಬೇಕಿಲ್ಲ. ನಸುಗೆಂಪು ಅಥವಾ ಬಿಳಿ ಹೂವು, ನೀರಿಲ್ಲದಿದ್ದರೂ ಬದುಕುತ್ತದೆ, ಗದಗ ಸೀಮೆಯ ಬಿಸಿಲಿಗೂ ಜಗ್ಗುವುದಿಲ್ಲ. ಇದರ ಮೂಲ ನಾಡು ಮಡಗಾಸ್ಕರ್. ಅಲ್ಲಿಂದ ಹಡಗುಗಳ ಜೊತೆ ಲೋಕವೆಲ್ಲ ಹರಡಿತು, ನಮ್ಮಲ್ಲಿಗೂ ಹಾಗೇ ಬಂತು. ಆದ್ದರಿಂದ "ನಮ್ಮ ಋಷಿಗಳು ಸಾವಿರಾರು ವರ್ಷದ ಹಿಂದೆಯೇ ಇದನ್ನು ಬ್ಲಡ್ ಕ್ಯಾನ್ಸರ್‌ಗೆ ಕೊಡುತ್ತಿದ್ದರು" ಎಂಬ ಸಾಲು ನಿಮ್ಮ ಫಾರ್ವರ್ಡ್‌ನಲ್ಲಿದ್ದರೆ ಅಲ್ಲೇ ನಿಲ್ಲಿ. ನಾಟಿ ಔಷಧದಲ್ಲಿ ಈ ಗಿಡಕ್ಕೆ ಹೆಸರಿದ್ದದ್ದು ಸಕ್ಕರೆ ಕಾಯಿಲೆಗೆ.

ಕ್ಯಾನ್ಸರ್ ಔಷಧ ಸಿಕ್ಕಿದ್ದೂ ಸಕ್ಕರೆ ಕಾಯಿಲೆಯ ದಾರಿಯಲ್ಲೇ. 1952ರಲ್ಲಿ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾದಿಂದ ಒಂದು ಲಕೋಟೆ ಬಂತು. ಒಳಗೆ ನಿತ್ಯಪುಷ್ಪದ ಎಲೆ. ಅಲ್ಲಿಯ ಜನ ಇದರ ಚಹಾ ಕುಡಿದು ಸಕ್ಕರೆ ಕಾಯಿಲೆ ಹತೋಟಿಯಲ್ಲಿಡುತ್ತಾರೆ, ಪರೀಕ್ಷಿಸಿ ನೋಡಿ ಎಂಬ ಕೋರಿಕೆ. ಕ್ಲಾರ್ಕ್ ಅದನ್ನು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ತಮ್ಮ ಸಹೋದರ ರಾಬರ್ಟ್ ನೋಬಲ್‌ಗೆ ಕಳಿಸಿದರು. ಎಲೆಯ ಸಾರವನ್ನು ಇಲಿಗಳ ಬಾಯಿಗೆ ಹಾಕಿದರು. ಸಕ್ಕರೆ ಇಳಿಯಲಿಲ್ಲ, ಬೇರೇನೂ ಆಗಲಿಲ್ಲ. ಅದೇ ಸಾರವನ್ನು ಇಂಜೆಕ್ಷನ್ ಮೂಲಕ ಕೊಟ್ಟಾಗ ಇಲಿಗಳು ವಾರದೊಳಗೆ ಸೋಂಕು ತಗುಲಿ ಸತ್ತವು. ಯಾಕೆಂದು ನೋಡಿದರೆ, ಅವುಗಳ ಬಿಳಿ ರಕ್ತಕಣಗಳು ನೆಲಕಚ್ಚಿದ್ದವು.

ಬೇರೆಯವರಾದರೆ "ವಿಷ" ಎಂದು ಬರೆದು ಕಡತ ಮುಚ್ಚುತ್ತಿದ್ದರೇನೋ. ನೋಬಲ್ ಮತ್ತು ಅವರ ಜೊತೆಗಾರ ಚಾರ್ಲ್ಸ್ ಬಿಯರ್ ತಿರುಗಿಸಿ ಯೋಚಿಸಿದರು: ಬಿಳಿ ರಕ್ತಕಣ ಅಡ್ಡಾದಿಡ್ಡಿ ಬೆಳೆಯುವ ಕಾಯಿಲೆಗೆ ಇದೇ ಬೇಕಲ್ಲವೇ? ಎಲೆಯಿಂದ ಅವರು ಬೇರ್ಪಡಿಸಿದ ವಸ್ತು ವಿನ್‌ಬ್ಲಾಸ್ಟಿನ್. 1958ರಲ್ಲಿ ಅದನ್ನು ಪ್ರಕಟಿಸಿದರು. ಅದೇ ಹೊತ್ತಿಗೆ ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೋಡಾ ಮತ್ತು ಇರ್ವಿಂಗ್ ಜಾನ್ಸನ್ ಕೂಡ ಇದೇ ಗಿಡದ ಮೇಲೆ ಕೆಲಸ ಮಾಡುತ್ತಿದ್ದರು. ರಕ್ತ ಕ್ಯಾನ್ಸರ್ ಬಂದ ಚಿಟ್ಟಿಲಿಗಳು ಗಿಡದ ಸಾರ ಕೊಟ್ಟ ಮೇಲೆ ಹೆಚ್ಚು ದಿನ ಬದುಕಿದ್ದನ್ನು ಅವರು ಕಂಡಿದ್ದರು. ಅಲ್ಲಿಂದ ಬಂದದ್ದು ವಿನ್‌ಕ್ರಿಸ್ಟಿನ್. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅರವತ್ತು ವರ್ಷ ದಾಟಿದರೂ ಮಕ್ಕಳ ತೀವ್ರ ರಕ್ತ ಕ್ಯಾನ್ಸರ್ ಚಿಕಿತ್ಸೆಯ ಬೆನ್ನೆಲುಬಾಗಿ ಅದು ಹಾಗೇ ಉಳಿದಿದೆ. ಗುಟ್ಟೇನೂ ಇಲ್ಲ, ವೈದ್ಯಕೀಯ ವಿದ್ಯಾರ್ಥಿಗಳ ಪಠ್ಯಪುಸ್ತಕದಲ್ಲೇ ಗಿಡದ ಹೆಸರಿದೆ.

ಕತೆಯಲ್ಲಿ ಒಂದು ಅಂಶ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಬಾಯಿಗೆ ಹಾಕಿದಾಗ ಏನೂ ಆಗಲಿಲ್ಲ, ರಕ್ತಕ್ಕೆ ಕೊಟ್ಟಾಗ ಆಯಿತು. ಫಾರ್ವರ್ಡ್ ಹೇಳುವುದು ಕುಡಿಯಲು.

ಐದು ಎಲೆಯ ಲೆಕ್ಕ

ಕುಡಿದದ್ದು ಪೂರ್ತಿ ರಕ್ತಕ್ಕೆ ಸೇರುತ್ತದೆ ಎಂದೇ ಒಂದು ಗಳಿಗೆ ಇಟ್ಟುಕೊಳ್ಳೋಣ. ಈ ಎಲೆಯಲ್ಲಿ ವಿನ್‌ಕ್ರಿಸ್ಟಿನ್ ಎಷ್ಟಿದೆ? ಕಾರ್ಖಾನೆಗಳ ಅನುಭವದ ಪ್ರಕಾರ ಒಂದು ಗ್ರಾಂ ಔಷಧಕ್ಕೆ ಸುಮಾರು 500 ಕಿಲೋ ಒಣ ಎಲೆ ಬೇಕು. ಮಕ್ಕಳಿಗೆ ಒಂದು ಸಲಕ್ಕೆ ಕೊಡುವ ಪ್ರಮಾಣವನ್ನು ಮೈಯ ಮೇಲ್ಮೈ ಅಳತೆ ನೋಡಿ ನಿರ್ಧರಿಸುತ್ತಾರೆ. ಏಳು ವರ್ಷದ ಮಗುವಿಗೆ ಅದು ಒಂದು ಮಿಲಿಗ್ರಾಂ ಆಸುಪಾಸು. ಅಂದರೆ ಒಂದು ಇಂಜೆಕ್ಷನ್‌ಗೆ ಅರ್ಧ ಕಿಲೋ ಒಣ ಎಲೆ. ಐದು ಹಸಿ ಎಲೆ ಒಣಗಿಸಿದರೆ ಒಂದು ಗ್ರಾಂ ತೂಗುವುದೂ ಕಷ್ಟ. ತೂಗಿತೆಂದೇ ಇಟ್ಟುಕೊಂಡರೂ ಆ ಲೋಟದಲ್ಲಿರುವುದು ಬೇಕಾದ ಔಷಧದ ಐನೂರರಲ್ಲಿ ಒಂದು ಪಾಲು.

ಹಾಗಾದರೆ ಎಲೆ ಹೆಚ್ಚು ಹಾಕಿದರಾಯಿತು ಎಂದು ಯಾರಾದರೂ ಹೇಳಬಹುದು. ಅಪಾಯ ಇರುವುದು ಅಲ್ಲಿಯೇ. ಈ ಗಿಡದಲ್ಲಿ ಗುರುತಿಸಲಾದ ಆಲ್ಕಲಾಯ್ಡ್‌ಗಳು 130ಕ್ಕೂ ಹೆಚ್ಚು. ನಮಗೆ ಬೇಕಾದ ವಿನ್‌ಕ್ರಿಸ್ಟಿನ್ ಅವುಗಳಲ್ಲಿ ಅತಿ ಕಡಿಮೆ ಪ್ರಮಾಣದ್ದು. ಉಳಿದವು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿವೆ. ಬೇರಿನಲ್ಲಿರುವ ಅಜ್ಮಾಲಿಸಿನ್ ರಕ್ತದೊತ್ತಡ, ರಕ್ತನಾಳಗಳ ಮೇಲೆ ಕೆಲಸ ಮಾಡುವಂಥದ್ದು. ಬೇಕಾದ ಒಂದನ್ನು ಹೆಚ್ಚಿಸಲು ಹೋದರೆ ಬೇಡವಾದ ನೂರು ಹೊಟ್ಟೆಗೆ ಹೋಗುತ್ತವೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯೇನೋ ಇದೆ. ಆದರೆ ಈ ಕಹಿ ಗಿಡವನ್ನು ದನಕರುಗಳು ಸಾಮಾನ್ಯವಾಗಿ ಮೂಸಿ ಬಿಡುತ್ತವೆ, ತಿಂದರೆ ಅವಕ್ಕೂ ವಿಷವೇ.

ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ಎಂಬ ಎರಡು ಅಣುಗಳ ನಡುವೆ ಇರುವ ವ್ಯತ್ಯಾಸ ಒಂದೇ ಒಂದು ಮೂಲೆಯಲ್ಲಿ: ಒಂದರಲ್ಲಿ ಮೀಥೈಲ್ ಗುಂಪು, ಇನ್ನೊಂದರಲ್ಲಿ ಫಾರ್ಮೈಲ್ ಗುಂಪು. ಅಷ್ಟಕ್ಕೇ ಮಕ್ಕಳ ರಕ್ತ ಕ್ಯಾನ್ಸರ್‌ಗೆ ಮುಖ್ಯ ಔಷಧವಾಗಿ ನಿಂತದ್ದು ಒಂದು ಮಾತ್ರ, ಇನ್ನೊಂದಕ್ಕೆ ಬೇರೆ ಕ್ಯಾನ್ಸರ್‌ಗಳಲ್ಲಿ ಜಾಗ ಸಿಕ್ಕಿತು. ಅಡ್ಡಪರಿಣಾಮಗಳೂ ಬೇರೆ. ಕಷಾಯದ ಪಾತ್ರೆಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಶುದ್ಧ ಔಷಧವೂ ಸೌಮ್ಯವಲ್ಲ. ಜೀವಕೋಶ ಒಡೆದು ಎರಡಾಗುವಾಗ ವರ್ಣತಂತುಗಳನ್ನು ಎರಡೂ ಕಡೆ ಎಳೆಯಲು ಒಳಗೆ ಸಣ್ಣ ದಾರಗಳು ಹೆಣೆದುಕೊಳ್ಳುತ್ತವೆ. ವಿನ್‌ಕ್ರಿಸ್ಟಿನ್ ಆ ದಾರ ಹೆಣೆಯದಂತೆ ತಡೆಯುತ್ತದೆ. ಬೇಗ ಬೇಗ ಒಡೆಯುವ ಕ್ಯಾನ್ಸರ್ ಕೋಶ ನಡುವೆಯೇ ಸಿಕ್ಕಿಬಿದ್ದು ಸಾಯುತ್ತದೆ. ಆದರೆ ನಮ್ಮ ನರಗಳೊಳಗೂ ಅದೇ ದಾರಗಳಿವೆ. ಅದಕ್ಕೇ ಈ ಇಂಜೆಕ್ಷನ್ ತೆಗೆದುಕೊಳ್ಳುವ ಮಕ್ಕಳಿಗೆ ಮಲಬದ್ಧತೆ, ದವಡೆ ನೋವು, ಕೈಕಾಲು ಜುಮ್ಮೆನ್ನುವುದು, ಕೆಲವೊಮ್ಮೆ ಪಾದ ಎತ್ತಿ ನಡೆಯಲಾಗದಿರುವುದು. ಇದನ್ನು ರಕ್ತನಾಳಕ್ಕೆ ಮಾತ್ರ ಕೊಡಬೇಕು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುವ ವಸ್ತುವನ್ನು ಚಮಚದ ಲೆಕ್ಕದಲ್ಲಿ ಕುಡಿಸಲಾಗದು.

ಪಾಲಕ್ ಸೊಪ್ಪಿನ ಎಚ್ಚರಿಕೆ

ಎಲೆಯಿಂದ ಬಂದದ್ದು ಒಳ್ಳೆಯದನ್ನಷ್ಟೇ ಮಾಡುತ್ತದೆ ಎಂಬ ನಂಬಿಕೆಗೆ ರಕ್ತ ಕ್ಯಾನ್ಸರ್‌ನ ಇತಿಹಾಸದಲ್ಲೇ ಉತ್ತರವಿದೆ. ಇದು ಫಾರ್ವರ್ಡ್‌ಗಳಲ್ಲಿ ಎಂದೂ ಬರುವುದಿಲ್ಲ.

1941ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಸಂಸ್ಕರಿಸಿ ಅದರೊಳಗಿನ ಒಂದು ಜೀವಸತ್ವವನ್ನು ಸಾಂದ್ರಗೊಳಿಸಿದರು. ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಮಾತ್ರೆಯಲ್ಲಿರುವುದು ಇದೇ. ರಕ್ತಹೀನತೆಗೆ ಒಳ್ಳೆಯದಾದ್ದರಿಂದ ರಕ್ತ ಕ್ಯಾನ್ಸರ್‌ಗೂ ನೆರವಾಗಬಹುದೆಂದು ಬೋಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ಮಕ್ಕಳಿಗೆ ಇದರ ರೂಪಗಳನ್ನು ಕೊಟ್ಟು ನೋಡಿದರು. ಕಾಯಿಲೆ ಇನ್ನಷ್ಟು ವೇಗವಾದಂತೆ ಕಂಡಿತು. ಹೊಸ ಕೋಶ ಕಟ್ಟಲು ಫೋಲಿಕ್ ಆಸಿಡ್ ಬೇಕು, ಕ್ಯಾನ್ಸರ್ ಕೋಶಕ್ಕೂ ಬೇಕು.

ಹಾಗಾದರೆ ಅದನ್ನು ತಡೆದರೆ? ತಡೆಯುವ ವಸ್ತುಗಳನ್ನು ತಯಾರಿಸಿ ಕೊಟ್ಟದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ ನಮ್ಮವರೇ ಆದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಸುಬ್ಬರಾವ್ ಆಂಧ್ರದ ಭೀಮಾವರದವರು. ಆ ಔಷಧ ಅಮಿನೊಪ್ಟೆರಿನ್. 1948ರಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಕ್ಕಳಿಗೆ ಕಾಯಿಲೆ ಹಿಮ್ಮೆಟ್ಟಿತ್ತು. ಕೆಲವೇ ತಿಂಗಳ ಮಟ್ಟಿಗೆ, ನಿಜ. ಆದರೆ ಅಲ್ಲಿಯವರೆಗೆ ಯಾವ ಔಷಧದಿಂದಲೂ ಅಷ್ಟೂ ಆಗಿರಲಿಲ್ಲ. ಅಮಿನೊಪ್ಟೆರಿನ್‌ನ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇಂದಿಗೂ ಚಿಕಿತ್ಸೆಯ ಕೊನೆಯ ಹಂತದಲ್ಲಿ ವಾರಕ್ಕೊಮ್ಮೆ ಕೊಡುವ ಔಷಧ. ಆದ್ದರಿಂದ "ರಕ್ತ ಕಡಿಮೆ ಇದೆ" ಎಂದು ಅಂಗಡಿಯಿಂದ ತಂದ ಟಾನಿಕ್ಕನ್ನು, ಎಷ್ಟೇ ಗಿಡಮೂಲಿಕೆಯದೆಂದು ಬರೆದಿರಲಿ, ವೈದ್ಯರನ್ನು ಕೇಳದೆ ಈ ಮಕ್ಕಳಿಗೆ ಕುಡಿಸಬಾರದು. ಮೆಥೊಟ್ರೆಕ್ಸೇಟ್ ತಡೆಯುವುದನ್ನೇ ನಾವು ಲೋಟದಲ್ಲಿ ತುಂಬಿ ಕೊಟ್ಟಂತಾಗಬಹುದು. ಊಟದ ಪಲ್ಯಕ್ಕೆ ಹಾಕುವ ಸೊಪ್ಪಿನ ಬಗ್ಗೆ ಹೆದರಬೇಕಿಲ್ಲ, ಮಾತು ಟಾನಿಕ್ ಮತ್ತು ಮಾತ್ರೆಗಳ ಬಗ್ಗೆ.

"ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ" ಎಂದರೆ ಏನು?

ಇಂಥ ಸಂದೇಶಗಳ ಜೊತೆ ಒಮ್ಮೊಮ್ಮೆ ನಿಜವಾದ ಸಂಶೋಧನಾ ಲೇಖನದ ಕೊಂಡಿಯೂ ಬರುತ್ತದೆ. ತೆರೆದು ನೋಡಿದರೆ ಇಂಥ ಗಿಡದ ಸಾರ ಎಚ್‌ಎಲ್-60, ಕೆ562, ಜರ್ಕಾಟ್ ಕೋಶಗಳನ್ನು ಕೊಂದಿತು ಎಂದು ಇರುತ್ತದೆ. ಸುಳ್ಳಲ್ಲ. ಆದರೆ ಆ ಕೋಶಗಳು ಯಾವುವು? ದಶಕಗಳ ಹಿಂದೆ ರೋಗಿಗಳಿಂದ ತೆಗೆದು, ಅಂದಿನಿಂದ ಪ್ರಯೋಗಾಲಯದ ತಟ್ಟೆಗಳಲ್ಲಿ ಬೆಳೆಸಿಕೊಂಡು ಬಂದವು. ಅವುಗಳ ಮೇಲೆ ಸಾರ ಸುರಿದು, ಎರಡು ಮೂರು ದಿನ ಬಿಟ್ಟು, ಎಷ್ಟು ಸತ್ತವು ಎಂದು ಅಳೆಯುತ್ತಾರೆ. ಅಲ್ಲಿ ಹೊಟ್ಟೆಯಿಲ್ಲ, ಪಿತ್ತಜನಕಾಂಗವಿಲ್ಲ, ಮೂತ್ರಪಿಂಡವಿಲ್ಲ. ಡೆಟಾಲ್ ಸುರಿದರೂ ಆ ಕೋಶ ಸಾಯುತ್ತದೆ. ಪ್ರಶ್ನೆ ಇರುವುದು ಒಳ್ಳೆಯ ಕೋಶಗಳನ್ನು ಉಳಿಸಿ, ಮೈಯೊಳಗೆ ಸಾಧ್ಯವಾಗುವ ಪ್ರಮಾಣದಲ್ಲಿ ಅದನ್ನು ಮಾಡಲಾಗುತ್ತದೆಯೇ ಎಂಬುದು.

ಅರಿಶಿನವನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ಕರ್ಕ್ಯುಮಿನ್ ತಟ್ಟೆಯಲ್ಲಿ ರಕ್ತ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. 2001ರಲ್ಲಿ ತೈವಾನಿನಲ್ಲಿ ರೋಗಿಗಳಿಗೆ ದಿನಕ್ಕೆ 8 ಗ್ರಾಂವರೆಗೆ ಶುದ್ಧ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರು. ಅಷ್ಟು ಕೊಟ್ಟರೂ ರಕ್ತದಲ್ಲಿ ಸಿಕ್ಕಿದ್ದು ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಬಳಸುವುದಕ್ಕಿಂತ ಬಹಳ ಕಡಿಮೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. 8 ಗ್ರಾಂ ಬೇಕೆಂದರೆ ದಿನಕ್ಕೆ ಕಾಲು ಕಿಲೋ ಅರಿಶಿನ ತಿನ್ನಬೇಕು. ಫಾರ್ವರ್ಡ್ ಹೇಳುವುದು ಒಂದು ಚಿಟಿಕೆ.

"ಲಕ್ಷ್ಮಣಫಲ ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿ" ಎಂಬ ಹಳೆಯ ಸಂದೇಶದ ಬೇರೂ ಇಂಥದೇ. 1996ರ ಒಂದು ಅಧ್ಯಯನದಲ್ಲಿ ಆ ಹಣ್ಣಿನ ಬೀಜದಿಂದ ತೆಗೆದ ಒಂದು ವಸ್ತು ತಟ್ಟೆಯಲ್ಲಿದ್ದ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಗೆ ಕೆಲಸ ಮಾಡಿತ್ತು. ಹಣ್ಣು ತಿಂದ ಮನುಷ್ಯರ ಮೇಲಲ್ಲ, ರಕ್ತ ಕ್ಯಾನ್ಸರ್ ಮೇಲೂ ಅಲ್ಲ. ಇದೇ ಗಿಡದ ಹಣ್ಣು, ಎಲೆಯ ಕಷಾಯ ಹೆಚ್ಚು ಬಳಸುವ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ತರಹದ ನರದ ಕಾಯಿಲೆ ಹೆಚ್ಚಿರುವುದನ್ನು 1999ರಲ್ಲಿ ವೈದ್ಯರು ವರದಿ ಮಾಡಿದರು. ಅದು ಫಾರ್ವರ್ಡ್ ಆಗಲಿಲ್ಲ.

ತಟ್ಟೆಯಿಂದ ರೋಗಿಯವರೆಗಿನ ದಾರಿ ಎಷ್ಟು ಇಕ್ಕಟ್ಟಾದದ್ದು ಎಂಬುದಕ್ಕೆ ಒಂದು ಲೆಕ್ಕ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಿಂದ 1982ರವರೆಗೆ ಸುಮಾರು 35,000 ಸಸ್ಯ ಮಾದರಿಗಳ 1,14,000 ಸಾರಗಳನ್ನು ಪರೀಕ್ಷಿಸಿತು. ಅಷ್ಟರಲ್ಲಿ ದೊಡ್ಡ ಔಷಧಗಳಾಗಿ ಹೊರಬಂದವು ಬೆರಳೆಣಿಕೆಯಷ್ಟು: ಟ್ಯಾಕ್ಸಾಲ್, ಕ್ಯಾಂಪ್ಟೊಥೆಸಿನ್‌ನಿಂದ ಹುಟ್ಟಿದವು. ಕ್ಯಾಂಪ್ಟೊಥೆಸಿನ್ ಮೊದಲು ಸಿಕ್ಕಿದ್ದು ಚೀನಾದ ಮರದಲ್ಲಿ. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಅದಿದೆ. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡ ಔಷಧ ಸಸ್ಯಗಳಿಗೆ ಹೆಸರಾದದ್ದು, 2019ರಲ್ಲಿ ವನ್ಯಜೀವಿಧಾಮವೂ ಆಯಿತು. ನಾಳೆ ಅಲ್ಲಿನ ಯಾವುದೋ ಬೇರಿನಲ್ಲಿ ಇನ್ನೊಂದು ವಿನ್‌ಕ್ರಿಸ್ಟಿನ್ ಸಿಗಬಾರದೆಂದೇನಿಲ್ಲ. ಆದರೆ ಸಿಗುವುದು ಹುಡುಕಿ, ಬೇರ್ಪಡಿಸಿ, ಪರೀಕ್ಷಿಸಿದವರಿಗೆ; ಗುಡ್ಡದಿಂದ ಕಿತ್ತು ಕುದಿಸಿದವರಿಗಲ್ಲ.

ನಾಟಿ ಔಷಧ ಪರೀಕ್ಷೆಯಲ್ಲಿ ಗೆದ್ದದ್ದೂ ಇದೆ

ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 1970ರ ದಶಕದ ಆರಂಭದಲ್ಲಿ ಚೀನಾದ ಹಾರ್ಬಿನ್ ನಗರದ ವೈದ್ಯ ಝಾಂಗ್ ಟಿಂಗ್‌ಡಾಂಗ್ ಅವರ ಕಿವಿಗೆ ಒಂದು ನಾಟಿ ಮದ್ದು ಬಿತ್ತು. ಅದರಲ್ಲಿ ಶಂಖಪಾಷಾಣ, ಪಾದರಸದ ಒಂದು ಲವಣ, ಕಪ್ಪೆಯ ವಿಷ ಮೂರೂ ಇದ್ದವು. ಅವರ ತಂಡ ಮಾಡಿದ ಕೆಲಸ ಸರಳ. ಒಂದೊಂದನ್ನೇ ತೆಗೆದು ನೋಡಿದರು. ಪಾದರಸ ಮೂತ್ರಪಿಂಡ ಕೆಡಿಸುತ್ತಿತ್ತು, ಕಪ್ಪೆಯ ವಿಷ ರಕ್ತದೊತ್ತಡ ಏರುಪೇರು ಮಾಡುತ್ತಿತ್ತು. ಕೆಲಸ ಮಾಡುತ್ತಿದ್ದದ್ದು ಪಾಷಾಣ ಒಂದೇ. ಅದೂ ಎಲ್ಲ ರಕ್ತ ಕ್ಯಾನ್ಸರ್‌ಗೆ ಅಲ್ಲ, ಅಕ್ಯೂಟ್ ಪ್ರೊಮೈಲೊಸಿಟಿಕ್ ಲ್ಯುಕೇಮಿಯಾ ಎಂಬ ಒಂದು ಬಗೆಗೆ ಮುಖ್ಯವಾಗಿ. ಈಗ ಆ ಬಗೆಗೆ ಜಗತ್ತಿನಾದ್ಯಂತ ಆರ್ಸೆನಿಕ್ ಟ್ರೈಆಕ್ಸೈಡ್ ಇಂಜೆಕ್ಷನ್ ಕೊಡುತ್ತಾರೆ. ಅದರ ಜೊತೆ ಎ ಜೀವಸತ್ವದಿಂದ ಬಂದ ಇನ್ನೊಂದು ಔಷಧ. ಒಂದು ಕಾಲಕ್ಕೆ ದಿನಗಳಲ್ಲೇ ರಕ್ತಸ್ರಾವದಿಂದ ಕೊಲ್ಲುತ್ತಿದ್ದ ಈ ಕಾಯಿಲೆಯಲ್ಲಿ ಇಂದು ಹೆಚ್ಚಿನವರು ಗುಣವಾಗುತ್ತಾರೆ. ವೆಲ್ಲೂರಿನ ಸಿಎಂಸಿ ವೈದ್ಯರು ಕೇವಲ ಆರ್ಸೆನಿಕ್‌ನಿಂದಲೇ ಬಹುಪಾಲು ರೋಗಿಗಳನ್ನು ಉಳಿಸಿದ ಅನುಭವವನ್ನು 2006ರಲ್ಲಿ ಪ್ರಕಟಿಸಿದರು. ದುಬಾರಿ ಔಷಧ ಕೊಳ್ಳಲಾಗದ ನಮ್ಮ ದೇಶಕ್ಕೆ ಅದು ದೊಡ್ಡ ವಿಷಯ.

ಚೀನೀಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಣಿಶಿಲೆ ಮತ್ತು ನೀಲಿ ಗಿಡದ ಬಣ್ಣ ಸೇರಿದ ಸಾಂಪ್ರದಾಯಿಕ ಮಾತ್ರೆಯನ್ನು ಆರ್ಸೆನಿಕ್ ಇಂಜೆಕ್ಷನ್‌ಗೆ ಎದುರು ನಿಲ್ಲಿಸಿ ಪರೀಕ್ಷಿಸಿದರು. ಮಾತ್ರೆ ಇಂಜೆಕ್ಷನ್‌ಗೆ ಸರಿಸಮ ಎಂದು 2013ರಲ್ಲಿ ಪ್ರಕಟವಾಯಿತು. ಸಾಂಪ್ರದಾಯಿಕ ಮದ್ದನ್ನು ಪರೀಕ್ಷೆಗೆ ಒಡ್ಡಲು ಸಾಧ್ಯವೇ ಇಲ್ಲ ಎನ್ನುವವರಿಗೆ ನಾವು ತೋರಿಸುವ ಉದಾಹರಣೆ ಇದು. ಮನೆಯಲ್ಲಿ ಪಾಷಾಣ ಅರೆಯಲು ಅನುಮತಿ ಅಂತ ಮಾತ್ರ ದಯವಿಟ್ಟು ಯಾರೂ ತಿಳಿಯಬೇಡಿ.

"ನಮ್ಮ ಪರಿಚಯದವರು ಗುಣವಾದರಲ್ಲ?"

ಫಾರ್ವರ್ಡ್‌ಗಿಂತ ಇದು ಗಟ್ಟಿ ವಾದ, ಏಕೆಂದರೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಸಾಗರ ತಾಲ್ಲೂಕಿನ ಆನಂದಪುರ ಬಳಿಯ ನರಸೀಪುರದಲ್ಲಿ ನಾಟಿ ವೈದ್ಯ ನಾರಾಯಣಮೂರ್ತಿ ಅವರು ಮರದ ತೊಗಟೆಯ ಮದ್ದು ಕೊಡುತ್ತಿದ್ದಾಗ ರಾಜ್ಯ, ಹೊರರಾಜ್ಯಗಳಿಂದ ಜನ ರಾತ್ರಿಯೆಲ್ಲ ಸಾಲಿನಲ್ಲಿ ನಿಲ್ಲುತ್ತಿದ್ದರು. ಅವರು 2020ರಲ್ಲಿ ತೀರಿಕೊಂಡರು. ಅಲ್ಲಿಗೆ ಹೋಗಿ ಬಂದ ಕುಟುಂಬಗಳು ನಮ್ಮ ಕಡೆಯೂ ಇವೆ. ಹೋದವರನ್ನು ಅಣಕಿಸುವುದು ನಮಗೆ ಹಿಡಿಸುವುದಿಲ್ಲ. ಆಸ್ಪತ್ರೆಯಲ್ಲಿ ಕೈಚೆಲ್ಲಿದ ಮೇಲೆ ಯಾರಾದರೂ ಎಲ್ಲಿಗಾದರೂ ಹೋಗುತ್ತಾರೆ. ಆದರೆ ಸಾಲಿನ ಉದ್ದ ಪುರಾವೆಯಲ್ಲ. ಮದ್ದು ಒಯ್ದವರಲ್ಲಿ ಬದುಕಿದವರು ಮತ್ತೆ ಬಂದು ಹೇಳುತ್ತಾರೆ. ತೀರಿಕೊಂಡವರು ಸಾಲಿನಲ್ಲಿ ಕಾಣುವುದಿಲ್ಲ.

ತೀವ್ರ ರಕ್ತ ಕ್ಯಾನ್ಸರ್‌ನಲ್ಲಿ ಮೋಸ ಹೋಗಲು ಇನ್ನೊಂದು ಕಾರಣವಿದೆ. ಇದನ್ನು ಅರ್ಥ ಮಾಡಿಕೊಂಡರೆ ಎಷ್ಟೋ ಮಕ್ಕಳು ಉಳಿಯುತ್ತಾರೆ ಎಂಬುದು ನಮ್ಮ ನಂಬಿಕೆ. ಕಾಯಿಲೆ ಪತ್ತೆಯಾದಾಗ ಮೈಯಲ್ಲಿ ಕ್ಯಾನ್ಸರ್ ಕೋಶಗಳು ಸುಮಾರು ಒಂದು ಲಕ್ಷ ಕೋಟಿ ಇರುತ್ತವೆ. ಮೊದಲ ಒಂದು ತಿಂಗಳು ವಿನ್‌ಕ್ರಿಸ್ಟಿನ್, ಸ್ಟೀರಾಯ್ಡ್, ಆಸ್ಪರಾಜಿನೇಸ್ ಮುಂತಾದವು ಕೊಟ್ಟ ಮೇಲೆ ನೂರರಲ್ಲಿ 90ಕ್ಕೂ ಹೆಚ್ಚು ಮಕ್ಕಳ ರಕ್ತ ಪರೀಕ್ಷೆ ಸರಿಯಾಗುತ್ತದೆ. ಕೂಸು ಆಡತೊಡಗುತ್ತದೆ, ಊಟ ಕೇಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಯಿಲೆ ಕಾಣುವುದಿಲ್ಲ. ಆದರೆ ಆ ಹೊತ್ತಿಗೂ ಮೈಯಲ್ಲಿ ಸಾವಿರ ಕೋಟಿ ಕ್ಯಾನ್ಸರ್ ಕೋಶಗಳು ಉಳಿದಿರಬಹುದು. ಅವನ್ನು ಮುಗಿಸಲೆಂದೇ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುವುದು.

ಈಗ ಯೋಚಿಸಿ. ಎರಡನೇ ತಿಂಗಳಲ್ಲಿ, ದುಡ್ಡು ಮುಗಿದು, ಬಿತ್ತನೆಯ ಕಾಲ ಬಂದು, ಮಗು ಚೆನ್ನಾಗಿದೆಯಲ್ಲ ಎಂದು ಮನೆಯವರು ಆಸ್ಪತ್ರೆ ಬಿಡುತ್ತಾರೆ. ಯಾರೋ ಹೇಳಿದ ಕಷಾಯ ಶುರು ಮಾಡುತ್ತಾರೆ. ಮೂರು ತಿಂಗಳು ಮಗು ಆರಾಮಾಗಿರುತ್ತದೆ. ಊರೆಲ್ಲ ಸುದ್ದಿ: ಕಷಾಯದಿಂದ ಬ್ಲಡ್ ಕ್ಯಾನ್ಸರ್ ವಾಸಿಯಾಯಿತು. ಆರನೇ ತಿಂಗಳಲ್ಲಿ ಕಾಯಿಲೆ ಮರಳಿ ಬರುತ್ತದೆ, ಈ ಬಾರಿ ಔಷಧಕ್ಕೆ ಬಗ್ಗದ ಕೋಶಗಳೊಂದಿಗೆ. ಆ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಅನೇಕ ಬಡ ದೇಶಗಳಲ್ಲಿ 30ಕ್ಕಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾರಣಗಳು ಹಲವು. ಅವುಗಳಲ್ಲಿ ಒಂದು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು.

"ಅದರ ಜೋಡಿ ಕೊಟ್ರ?"

ಲಕ್ಕಲಕಟ್ಟಿಯ ಓದುಗರು ಆಸ್ಪತ್ರೆ ಬಿಡುತ್ತೇವೆ ಎನ್ನಲಿಲ್ಲ. ಜೊತೆಗೆ ಕೊಡಬಹುದೇ ಎಂದರು. ಇದೂ ಬೇಡ ಎನ್ನುವುದಕ್ಕೆ ಕಾರಣ ಪಿತ್ತಜನಕಾಂಗ. ಮಗು ಈಗ ಅಥವಾ ಮುಂದೆ ನುಂಗಲಿರುವ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆ, ಮೆಥೊಟ್ರೆಕ್ಸೇಟ್ ಎರಡೂ ಅದರ ಮೇಲೆ ಭಾರ ಹಾಕುತ್ತವೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಪಿತ್ತಜನಕಾಂಗಕ್ಕೆ ಪೆಟ್ಟಾದದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಗಿಡ ಗುರುತಿಸುವುದರಲ್ಲೇ ತಪ್ಪಾಗಿರಬಹುದು ಎಂದಿತು. ಆ ಜಗಳ ಇರಲಿ. ಬಳ್ಳಿ ಗುರುತಿಸುವುದರಲ್ಲಿ ಅಷ್ಟು ಗೊಂದಲ ಸಾಧ್ಯವಿದ್ದರೆ, ಕೀಮೋ ನಡೆಯುತ್ತಿರುವ ಮಗುವಿನ ಮೇಲೆ ಅದನ್ನು ಪ್ರಯೋಗಿಸದಿರಲು ಅಷ್ಟೇ ಸಾಕು. ಪಿತ್ತಜನಕಾಂಗದ ಪರೀಕ್ಷೆ ಏರುಪೇರಾದರೆ ವೈದ್ಯರು ಮಾತ್ರೆ ನಿಲ್ಲಿಸಬೇಕಾಗುತ್ತದೆ. ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆಯನ್ನು ನೂರಕ್ಕೆ 95ಕ್ಕಿಂತ ಕಡಿಮೆ ಸಲ ನುಂಗಿದ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಎರಡೂವರೆ ಪಟ್ಟಿಗೂ ಹೆಚ್ಚಿತ್ತು.

ಕರಿಮೆಣಸು ನಿರಪಾಯ ಅನಿಸುತ್ತದೆ, ಸಾರಿಗೆ ಹಾಕುವಷ್ಟರಲ್ಲಿ ಹೌದು. ಆದರೆ ಅದರಲ್ಲಿರುವ ಪೈಪರಿನ್, ಔಷಧಗಳನ್ನು ಕರಗಿಸಿ ಹೊರಹಾಕುವ ಕಿಣ್ವಗಳನ್ನು ತಡೆಯಬಲ್ಲದು. ಕೆಲವು ಔಷಧಗಳ ಮಟ್ಟ ಇದರಿಂದ ಏರುವುದು ಗೊತ್ತಿದೆ. ವಿನ್‌ಕ್ರಿಸ್ಟಿನ್ ಹೊರಹೋಗುವುದೂ ಇಂಥದೇ ಕಿಣ್ವದ ಮೂಲಕ. ಅದನ್ನು ಬಲವಾಗಿ ತಡೆಯುವ ಕೆಲವು ಶಿಲೀಂಧ್ರ ಔಷಧಗಳ ಜೊತೆ ಕೊಟ್ಟಾಗ ಮಕ್ಕಳ ನರಗಳಿಗೆ ಹೆಚ್ಚು ಹಾನಿಯಾದದ್ದು ದಾಖಲಾಗಿದೆ. ದಿನಾ ಬರಿ ಹೊಟ್ಟೆಗೆ ಗಟ್ಟಿ ಕಷಾಯ ಎಂದರೆ ಯಾರೂ ಅಳೆಯದ ಇನ್ನೊಂದು ಔಷಧ ಸೇರಿಸಿದಂತೆ.

ಪಪ್ಪಾಯಿ ಎಲೆ, ಗೋಧಿ ಹುಲ್ಲಿನ ರಸದ ಬಗ್ಗೆಯೂ ಕೇಳುತ್ತಾರೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದಕ್ಕೂ ಇಲ್ಲಿ ಇಳಿಯುವುದಕ್ಕೂ ಕಾರಣ ಬೇರೆ. ಇಲ್ಲಿ ಅಸ್ಥಿಮಜ್ಜೆಯನ್ನು ಕ್ಯಾನ್ಸರ್ ಕೋಶ ತುಂಬಿಕೊಂಡಿರುತ್ತದೆ, ಅಥವಾ ಕೀಮೋದಿಂದ ಮಜ್ಜೆ ಸುಸ್ತಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಸಿ ಎಲೆ ಅರೆದ ರಸದಲ್ಲಿ ಮಣ್ಣಿನ ಬ್ಯಾಕ್ಟೀರಿಯಾ, ಬೂಸ್ಟು ಇರುತ್ತವೆ. ನಮಗೆ ಏನೂ ಆಗದು. ಬಿಳಿ ರಕ್ತಕಣ ಇಲ್ಲದ ಮಗುವಿಗೆ ಅದೇ ಸೋಂಕು ಪ್ರಾಣಕ್ಕೆ ಬರಬಹುದು.

ಇದೇ ಕಾರಣಕ್ಕೆ ಜ್ವರದ ವಿಷಯ. ಕೀಮೋ ನಡೆಯುತ್ತಿರುವ ಮಗುವಿಗೆ ಜ್ವರ ಬಂದರೆ ಕಷಾಯ, ಕ್ರೋಸಿನ್ ಎಂದು ಬೆಳಗಿನವರೆಗೆ ಕಾಯಬಾರದು. ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ. ಹುಬ್ಬಳ್ಳಿ ದೂರವಾದರೆ ಗದಗ ಜಿಲ್ಲಾ ಆಸ್ಪತ್ರೆಯಲ್ಲಾದರೂ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಗಂಟೆಗಳೊಳಗೆ ಶುರುವಾಗಬೇಕು. ಯಾವ ಔಷಧ ನಡೆಯುತ್ತಿದೆ ಎಂಬ ಕಡತ ಜೊತೆಗಿರಲಿ.

ದುಡ್ಡಿನ ಮಾತು ಬಿಟ್ಟರೆ ಈ ಲೇಖನ ಅರ್ಧವಾಗುತ್ತದೆ, ಏಕೆಂದರೆ ಬಹಳ ಸಲ ಕಷಾಯದ ಕಡೆ ತಳ್ಳುವುದು ಅದೇ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ, ಕ್ಯಾನ್ಸರ್ ಸೇರಿದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ನೂರಕ್ಕೆ 30ರಷ್ಟನ್ನು ಸರ್ಕಾರ ಭರಿಸುತ್ತದೆ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಸ್ವಾಮ್ಯದ ಸಂಸ್ಥೆ, ಅಲ್ಲಿ ಮಕ್ಕಳ ಕ್ಯಾನ್ಸರ್‌ಗೆ ಪ್ರತ್ಯೇಕ ವಿಭಾಗವೇ ಇದೆ. ಗಿಡದಿಂದ ಬಂದ ಆ ವಿನ್‌ಕ್ರಿಸ್ಟಿನ್ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಪೇಟೆಂಟ್ ಯಾವಾಗಲೋ ಮುಗಿದಿದೆ, ಭಾರತದ ಕಂಪನಿಗಳೇ ತಯಾರಿಸುತ್ತವೆ. ಇನ್ನು ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಯಾರಾದರೂ ಜಾಹೀರಾತು ಕೊಟ್ಟು ಬಾಟಲಿ ಮಾರುತ್ತಿದ್ದರೆ ಅದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ.

ಈಗಾಗಲೇ ಕೆಲವು ದಿನ ಕಷಾಯ ಕೊಟ್ಟಾಗಿದ್ದರೆ ಹೆದರಿ ಮುಚ್ಚಿಡಬೇಡಿ. ನಿಲ್ಲಿಸಿ. ಮುಂದಿನ ಭೇಟಿಗೆ ಕಾಯದೆ ಫೋನ್ ಮಾಡಿ ಹೇಳಿ: ಏನೇನು ಹಾಕಿದ್ದಿರಿ, ಎಷ್ಟು ದಿನ, ದಿನಕ್ಕೆ ಎಷ್ಟು. ಉಳಿದ ಪುಡಿ ಅಥವಾ ಬಾಟಲಿ ಇದ್ದರೆ ಜೊತೆಗೆ ಒಯ್ಯಿರಿ. ವೈದ್ಯರು ಬೈದಾರು ಎಂಬ ಅಳುಕಿದ್ದರೆ ಮೊದಲು ವಾರ್ಡಿನ ನರ್ಸ್ ಅಕ್ಕನಿಗೆ ಹೇಳಿ. ಪಿತ್ತಜನಕಾಂಗದ ಒಂದು ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ, ಮುಂದಿನ ಡೋಸ್ ಯಾವಾಗ ಎಂಬುದನ್ನು ಅದರ ಮೇಲೆ ನಿರ್ಧರಿಸುತ್ತಾರೆ.